ಸೇತುವೆಯ ಬಿರುಕಿಗೆ ನಾನು ಮಾಡಿದ ಉಪಕಾರ

ಮನೆಗೆ ಬೀಗ ಹಾಕಿ ಮೂರು ಮಹಡಿ ಇಳಿದ ಮೇಲೆ, ಹಾಕಿದೆನೋ ಇಲ್ಲವೋ ಎಂದು ನೋಡಲು ಮತ್ತೆ ಮೂರು ಮಹಡಿ ಹತ್ತುವ ಜಾತಿಯವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದ್ದನ್ನು ನೀವು ಸ್ವಲ್ಪ ಕನಿಕರದಿಂದ ಓದಬಹುದು. ಚಿಂತೆ ಮಾಡುವುದಕ್ಕೂ ಒಂದು ಶಿಸ್ತು ಬೇಕು. ಕೆಲವರು ಮಗಳ ಮದುವೆ, ದೇಶದ ಭವಿಷ್ಯ ಎಂದು ದೊಡ್ಡ ವಿಷಯಗಳಿಗೇ ಕೈಹಾಕಿ ಒಂದೇ ವಾರದಲ್ಲಿ ಸುಸ್ತಾಗುತ್ತಾರೆ. ನಾನು ಹಾಗಲ್ಲ. ಸಣ್ಣದೊಂದನ್ನು ಆರಿಸಿಕೊಂಡು ವರ್ಷಗಟ್ಟಲೆ ಸಾಕುತ್ತೇನೆ. ಹೀಗೆ ನಾನು ಹನ್ನೊಂದು ವರ್ಷ ಸಾಕಿದ ಚಿಂತೆಯೆಂದರೆ ಡೊಂಬಿವಲಿಯಲ್ಲಿ ನಮ್ಮ ಮನೆಯ ಹತ್ತಿರದ ಹಳೆಯ ಮೇಲ್ಸೇತುವೆಯ ಗೋಡೆಯಲ್ಲಿದ್ದ ಒಂದು ಬಿರುಕು.

ಬಿರುಕೆಂದರೆ ಅಂಥಿಂಥದ್ದಲ್ಲ. ರೈಲು ಹಳಿಗಳನ್ನು ದಾಟಲು ಸೇತುವೆ ನೆಲ ಬಿಟ್ಟು ಮೇಲೇರುತ್ತದಲ್ಲ, ಆ ಇಳಿಜಾರಿನ ಪಕ್ಕದ ಗೋಡೆಯಲ್ಲಿ ತಲೆಯಿಂದ ಬುಡದವರೆಗೆ, ದಾರ ಹಿಡಿದು ಕೊಯ್ದಷ್ಟು ನೇರ. ಇಷ್ಟು ನೇರವಾಗಿ ಯಾವ ಗೋಡೆಯೂ ತಾನಾಗಿ ಸೀಳುವುದಿಲ್ಲ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ರಬಾಳೆಯ ಆಫೀಸಿಗೆ ಹೊರಟಾಗ ಅದರೊಳಗೆ ಕಿರುಬೆರಳು ತೂರಿಸಿ ನೋಡುವುದು ನನ್ನ ವಾಡಿಕೆ. ಚಳಿಗಾಲದಲ್ಲಿ ಬೆರಳು ಸಡಿಲವಾಗಿ ಹೋಗುತ್ತಿತ್ತು. ಬಿರುಕು ಅಗಲವಾಯಿತೆಂದು ನಾಲ್ಕು ದಿನ ಊಟ ಸೇರುತ್ತಿರಲಿಲ್ಲ. ಬೇಸಿಗೆಯಲ್ಲಿ ಬಿಗಿಯಾಗುತ್ತಿತ್ತು, ಆಗ ಬೆರಳೇ ಊದಿರಬೇಕೆಂದು ಉಪ್ಪು ಬಿಡುತ್ತಿದ್ದೆ. ನನ್ನ ಹೆಂಡತಿ ವಾರಿಜಾ, "ಆ ಗೋಡೆ ಬೀಳುವ ಮೊದಲು ನೀವು ಬೀಳ್ತೀರಿ ಮಾರಾಯ್ರೆ, ನೋಡ್ತಾ ಇರಿ" ಎನ್ನುತ್ತಿದ್ದಳು.

ಕಳೆದ ಫೆಬ್ರವರಿಯಲ್ಲಿ ಸೇತುವೆಯ ಸುಂದರೀಕರಣ ಶುರುವಾಯಿತು. ಮೊದಲು ಕಂಬಗಳಿಗೆ ಚಿಟ್ಟೆಗಳು ಬಂದವು, ಆಮೇಲೆ ಕಮಾನಿನ ಮೇಲೆ ಫ್ಲೆಮಿಂಗೊಗಳು. ನನಗೆ ಇದರ ಬಗ್ಗೆ ದೊಡ್ಡ ತಕರಾರೇನೂ ಇರಲಿಲ್ಲ. ಸೇತುವೆ ನನಗಿಂತ ಹತ್ತು ವರ್ಷ ಚಿಕ್ಕದು, ತಿಂಗಳಿಗೆರಡು ಸಲ ತಲೆಗೆ ಕಪ್ಪು ಬಳಿದುಕೊಳ್ಳುವ ನಾನು ಅದಕ್ಕೆ ಬಣ್ಣ ಬೇಡವೆಂದು ಯಾವ ಬಾಯಿಂದ ಹೇಳಲಿ? ಆದರೆ ಒಂದು ಬೆಳಿಗ್ಗೆ ನೋಡಿದರೆ ನನ್ನ ಬಿರುಕಿನ ಗೋಡೆಗೇ ಅಟ್ಟಣಿಗೆ ಕಟ್ಟಿದ್ದರು. ಬಣ್ಣದಡಿಯಲ್ಲಿ ಬಿರುಕು ಮುಚ್ಚಿಹೋದರೆ ಅದು ಬೆಳೆಯುವುದನ್ನು ನೋಡುವುದು ಹೇಗೆ? ಗಾಬರಿಯಲ್ಲಿ ಬೆರಳು ತೂರಿಸಿ "ಅಯ್ಯೋ ದೇವ್ರೇ" ಎಂದೆ. ಅಟ್ಟಣಿಗೆಯ ಮೇಲಿಂದ ಬ್ರಶ್ಶು ಹಿಡಿದ ಒಂದು ತಲೆ ಇಣುಕಿತು.

"ಕನ್ನಡದವ್ರೇನ್ರಿ ಸಾಹೇಬ್ರ?"

ಅವನು ಶರಣಪ್ಪ, ವಿಜಯಪುರದ ಕಡೆಯವನು. ಇಳಿದು ಬಂದು, ಬಣ್ಣದ ಕೈಯನ್ನು ಅಂಗಿಗೆ ಒರೆಸಿ ನಮಸ್ಕಾರ ಮಾಡಿದ. ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಗೋಡೆ ಪರೀಕ್ಷಿಸುವ ಬೆರಳು, ಇವನ್ನೆಲ್ಲ ನೋಡಿ ನಾನು ನಗರಪಾಲಿಕೆಯ ದೊಡ್ಡ ಅಧಿಕಾರಿಯೆಂದು ಅವನು ತಿಳಿದ. ಅಲ್ಲಪ್ಪಾ, ನಾನು ಸ್ಟೋರ್ಸ್ ವಿಭಾಗದ ಗುಮಾಸ್ತ ಎನ್ನಬೇಕಿತ್ತು. ಆದರೆ ಆಫೀಸಿನಲ್ಲಿ ಪ್ಯೂನ್ ಕೂಡ ನನ್ನನ್ನು "ಅರೆ ಶೇಟ್ಟಿ" ಎಂದು ಕರೆಯುತ್ತಾನೆ. ಐವತ್ತೆರಡು ವರ್ಷಕ್ಕೆ ಮೊದಲ ಬಾರಿ ಕಿವಿಗೆ ಬಿದ್ದ 'ಸಾಹೇಬ್ರ' ಎಂಬ ಮಾತನ್ನು ನಾಳೆ ತಿದ್ದಿದರಾಯಿತು ಎಂದುಕೊಂಡೆ. ನಾಳೆಯೂ ನಾಳೆ ಎಂದುಕೊಂಡೆ.

"ಇಪ್ಪತ್ತ್ ವರ್ಷ ಕಳಂಬೋಲ್ಯಾಗ ಲಾರಿ ಹಿಂದ ನವಿಲ ಬರದೀನ್ರಿ" ಎಂದ ಶರಣಪ್ಪ. "ಲಾರಿ ಹೋಗಿಬಿಡ್ತದ. ಬರದದ್ದು ತಿರುಗಿ ನೋಡಾಕ ಸಿಗಂಗಿಲ್ಲ. ಇದು ಗ್ವಾಡಿರಿ, ಎಲ್ಲಿಗೂ ಹೋಗಂಗಿಲ್ಲ. ಇದು ಪಾಸಾತಂದ್ರ ಆ ಕಡೆ ಗ್ವಾಡಿನೂ ನನಗ ಕೊಡ್ತಾರ್ರಿ. ಇಲ್ಲಂದ್ರ ಮತ್ತ ಲಾರಿನ." ಹಳೆಯ ಡೊಂಬಿವಲಿಯ ಚಿತ್ರ ಬರೆಯಬೇಕೆಂದು ಅವನಿಗೆ ಹೇಳಿದ್ದರಂತೆ. ಪಾಪ, ಅವನು ಆಗಿನ ಡೊಂಬಿವಲಿಯನ್ನು ಎಲ್ಲಿ ನೋಡಿದ್ದ? "ಬ್ರಿಜ್ ಕಟ್ಟೂಕಿಂತ ಮೊದ್ಲ ಇಲ್ಲೇನಿತ್ರಿ ಸಾಹೇಬ್ರ?" ಎಂದು ಕೇಳಿದ. ನನ್ನ 8.14ರ ಲೋಕಲ್ಲು ಆ ದಿನ ನಾನಿಲ್ಲದೆಯೇ ಹೋಯಿತು.

ಆಗ ಇಲ್ಲಿ ಫಾಟಕ್ ಇತ್ತು. ಕೆಂಪು ಬಿಳಿ ಪಟ್ಟೆಯ ಉದ್ದನೆಯ ಗೇಟು, ಅದರ ಎರಡೂ ಬದಿಗೆ ಟಾಂಗಾಗಳು, ಹಾಲಿನ ಕ್ಯಾನು ತೂಗಿಸಿದ ಸೈಕಲ್‌ಗಳು, ಕುದುರೆಯ ಮೂತಿಯಿಂದ ಆದಷ್ಟು ದೂರ ನಿಲ್ಲಲು ಹೆಣಗುವ ಹೆಂಗಸರು. ಗೇಟು ಬಿದ್ದಿತೆಂದರೆ ಎರಡೆರಡು ರೈಲು ಹೋದರೂ ಏಳುತ್ತಿರಲಿಲ್ಲ. ಊರಿಗೆ ಊರೇ ಅದರ ಅಡಿಯಲ್ಲಿ ಬಗ್ಗಿ ಹಳಿ ದಾಟುತ್ತಿತ್ತು, ನನ್ನ ಅಪ್ಪನೊಬ್ಬನನ್ನು ಬಿಟ್ಟು. ಅಪ್ಪ ಶಹಾಡಿನ ಕಾರ್ಖಾನೆಯಲ್ಲಿ ಟೈಪಿಸ್ಟು. ಸ್ಟೇಶನ್ನೂ ನನ್ನ ಶಾಲೆಯೂ ಆಚೆ ಕಡೆ ಇದ್ದುದರಿಂದ ನಾವಿಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಗೇಟಿಗೆ ಮೂಗು ತಾಗುವಷ್ಟು ಹತ್ತಿರ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಪ್ಪ ಕಂಬದ ಹಾಗೆ ನಿಲ್ಲುತ್ತಿದ್ದರು. ಅವರ ಕಣ್ಣೆದುರೇ ಅವರ ರೈಲು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. "ನಿಯಮ ನಿಯಮವೇ ಮಗಾ" ಎಂದು ಗಡಿಯಾರ ನೋಡುತ್ತಿದ್ದರು. ಸೇತುವೆ ಆದ ದಿನ ಅದನ್ನು ಎಲ್ಲರಿಗಿಂತ ಮೊದಲು ಹತ್ತಿದವರಲ್ಲಿ ಅವರೂ ಒಬ್ಬರು. ಅರ್ಧದಲ್ಲಿ ನಿಂತು, ಕೆಳಗೆ ತೆರೆದೇ ಬಿದ್ದಿದ್ದ ಗೇಟನ್ನು ಬಹಳ ಹೊತ್ತು ನೋಡಿದ್ದರು.

ಇದನ್ನೆಲ್ಲ ಹೇಳುತ್ತ, "ಗೇಟು ಏಳುವವರೆಗೂ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಿದ್ದರು" ಎಂದೂ ಸೇರಿಸಿದೆ. ಶರಣಪ್ಪ ಕಣ್ಣು ಮುಚ್ಚಿ ಕೇಳಿದ. ನಾಲ್ಕು ದಿನದಲ್ಲಿ ಗೋಡೆಯ ಮೇಲೆ ಫಾಟಕ್ ಬಿತ್ತು, ಟಾಂಗಾ ನಿಂತಿತು, ಹಾಲಿನವನು ಬಂದ. ಐದನೆಯ ದಿನ ಅಪ್ಪ ಬಂದರು. ಮುಖ ಅವರದ್ದಲ್ಲ, ಆದರೆ ಆ ನಿಲುವು, ಕತ್ತು ನೆಟ್ಟಗೆ ಮಾಡಿ ರೈಲಿನ ಕಡೆಗೇ ನೋಡುವ ಆ ಭಂಗಿ ಅವರದ್ದೇ. ಪಕ್ಕದಲ್ಲಿ ಪಾಟೀಚೀಲ ಹೊತ್ತ ಹುಡುಗ, ಅಂದರೆ ನಾನು. ಒಂದೇ ತೊಂದರೆ. ಅಪ್ಪ ಬಿರುಕಿನ ಈಚೆ, ನಾನು ಆಚೆ. ನಮ್ಮಿಬ್ಬರ ಕೈಗಳು ಕೂಡಬೇಕಾದಲ್ಲಿ ಸರಿಯಾಗಿ ಆ ಕಪ್ಪು ಗೆರೆ.

"ಇದನ್ನು ಸಿಮೆಂಟ್ ಹಾಕಿ ತುಂಬಿಬಿಡು" ಎಂದೆ.

ಶರಣಪ್ಪ ತಲೆ ಕೆರೆದುಕೊಂಡ. "ಇದು ಬಿಟ್ಟದ್ದ ಅನಸ್ತದ್ರಿ ಸಾಹೇಬ್ರ, ಸೀಳಿದ್ದಲ್ಲ. ಅಲ್ಲಿ ಮುಂದನೂ ಹಿಂತಾದ್ದ ಒಂದೈತಿ ನೋಡ್ರಿ."

ಮುಂದೆ ಇನ್ನೊಂದು ಬಿರುಕಿದೆ ಎಂದು ಕೇಳಿ, ನಾಳೆಯಿಂದ ಅದಕ್ಕೂ ಬೆರಳು ತೂರಿಸಿ ನೋಡಬೇಕೆಂದುಕೊಂಡೆ. ಆದರೂ ಸಾಹೇಬರ ಗತ್ತಿನಲ್ಲಿ, "ನಾನು ಹೇಳ್ತಾ ಇದ್ದೇನಲ್ಲ" ಎಂದೆ. ಅಧಿಕಾರ ಎಷ್ಟು ಬೇಗ ಮೈಗೂಡುತ್ತದೆ ನೋಡಿ.

ಸಂಜೆ ಬರುವಷ್ಟರಲ್ಲಿ ಬಿರುಕು ತುಂಬಿತ್ತು. ಮರುದಿನ ಅಪ್ಪನ ಕೈ ನನ್ನ ಕೈಯನ್ನು ಹಿಡಿದಿತ್ತು. ಹನ್ನೊಂದು ವರ್ಷದ ಚಿಂತೆ ಒಂದು ಬಕೆಟ್ ಸಿಮೆಂಟಿನಲ್ಲಿ ಮುಗಿಯಿತೆಂದು ಸಂಜೆ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಮಾರ್ಚ್ ಕಳೆದು ಏಪ್ರಿಲ್ ಬಂತು. ಬಿಸಿಲು ಏರಿದ ಹಾಗೆ ಅಪ್ಪನ ಅಂಗೈ ಉಬ್ಬತೊಡಗಿತು. ಒಂದು ಶನಿವಾರ ನಾನು ಆ ದಾರಿಯಲ್ಲಿ ಬರುವಾಗ ಗೋಡೆಯ ಮುಂದೆ ಜನ ಸೇರಿದ್ದರು. ಸಿಮೆಂಟು ಸಿಡಿದು, ಅದರ ಜೊತೆಗೆ ಎರಡೂ ಬದಿಯ ಕಾಂಕ್ರೀಟಿನ ಅಂಚೂ ಚಕ್ಕೆಯೆದ್ದು, ನಮ್ಮಿಬ್ಬರ ಕೈಗಳೂ ಫುಟ್‌ಪಾತಿನ ಮೇಲೆ ಪುಡಿಯಾಗಿ ಬಿದ್ದಿದ್ದವು. ಹಳದಿ ಹೆಲ್ಮೆಟ್ಟು ತೊಟ್ಟ ಎಂಜಿನಿಯರ್ ಮೇಡಂ, ನನ್ನ ಮಗಳ ವಯಸ್ಸಿನವಳು, ಶರಣಪ್ಪನ ಮೇಲೆ ರೇಗುತ್ತಿದ್ದಳು.

"ಹೇ ಕುಣೀ ಭರಲಂ?" ಯಾರು ತುಂಬಿದ್ದು ಇದನ್ನು?

"ಸಾಹೇಬ್ ಬೋಲೇ ಮೇಡಂ."

"ಕೌನ್ ಸಾಹೇಬ್? ಇಸ್ ಸೈಟ್ ಪೆ ಮೈ ಹೂಂ, ಔರ್ ಕೋಯಿ ಸಾಹೇಬ್ ನಹೀಂ ಹೈ." ಈ ಸೈಟಿನಲ್ಲಿ ನಾನಿದ್ದೇನೆ, ಬೇರೆ ಯಾವ ಸಾಹೇಬನೂ ಇಲ್ಲ.

ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕೆಂದು ಕಟ್ಟುವಾಗಲೇ ಬಿಟ್ಟ ಸಂದು ಅದು, ಅಷ್ಟೂ ಗೊತ್ತಿಲ್ಲದವನಿಗೆ ಇನ್ನೊಂದು ಗೋಡೆ ಹೇಗೆ ಕೊಡುವುದು ಎಂದು ಅವಳು ಕೂಗಾಡಿದಳು. ನಾನು ಒಂದು ರಿಕ್ಷಾದ ಹಿಂದೆ ನಿಂತಿದ್ದೆ. ನನ್ನ ಬೆರಳು ಊದಿರಲಿಲ್ಲ, ಹನ್ನೊಂದು ಬೇಸಿಗೆ ಸುಮ್ಮನೆ ಉಪ್ಪಿಲ್ಲದ ಗಂಜಿ ಉಂಡೆ ಎಂದು ಅರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ, ಯಾರೂ ನನ್ನನ್ನು ನೋಡಿಲ್ಲ, ಹಾಗೇ ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಮಸಾಲೆ ಅಂಗಡಿಯ ಗಲ್ಲಿ ಇದೆ ಎಂಬುದೂ ಅರ್ಥವಾಯಿತು. ಎರಡು ಹೆಜ್ಜೆ ಇಟ್ಟೆ ಕೂಡ. ಆಗ ಶರಣಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿದ್ದ ಚಕ್ಕೆಗಳಲ್ಲಿ ಬಣ್ಣವಿದ್ದವನ್ನು ಮಾತ್ರ ಒಂದೊಂದಾಗಿ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳತೊಡಗಿದ. ಮೂರನೆಯ ಹೆಜ್ಜೆ ಇಡಲಿಲ್ಲ.

ಜನರ ನಡುವೆ ತೂರಿ ಎದುರು ಬಂದು, "ಮೇಡಂ, ತೋ ಸಾಹೇಬ್ ಮೀ" ಎಂದೆ, ಆ ಸಾಹೇಬ ನಾನೇ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಕಾ, ತುಮ್ಹೀ ಕೋಣ್?"

ನೀವು ಯಾರು ಎಂದು ಇಷ್ಟು ಸರಳವಾಗಿ ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಶರಣಪ್ಪ ತಲೆಯೆತ್ತಿ ನೋಡುತ್ತಿದ್ದ. "ಕೋಣಿ ನಾಹೀ" ಎಂದೆ, ಯಾರೂ ಅಲ್ಲ. "ಇಲ್ಲೇ ಇರುವವನು. ಅವನು ಬೇಡವೆಂದೇ ಹೇಳಿದ್ದ. ನಾನೇ ಒತ್ತಾಯ ಮಾಡಿ ತುಂಬಿಸಿದೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಶರಣಪ್ಪನ ಜೇಬಿನಿಂದ ಇಣುಕುತ್ತಿದ್ದ ಬಣ್ಣದ ಚಕ್ಕೆಗಳನ್ನು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ಸಂದನ್ನು ಬಿಡಿಸಿ, ಅಂಚು ಸರಿಮಾಡಿದ ಮೇಲೆ ಚಿತ್ರ ತಿದ್ದಬೇಕೆಂದೂ, ಆ ಕಡೆಯ ಗೋಡೆ ಅವನಿಗೇ ಎಂದೂ ಹೇಳಿದಳು. ಒಂದೇ ಷರತ್ತು: ಇನ್ನು ಯಾವ ಸಾಹೇಬ ಬಂದರೂ ಮೊದಲು ಕಾರ್ಡ್ ಕೇಳಬೇಕು.

ಅವಳು ಹೋದ ಮೇಲೆ ನಾವಿಬ್ಬರೇ ಉಳಿದೆವು. ಬೈಯಲಿ ಎಂದು ಕಾದೆ. "ಅಲ್ರೀ, ಮೊದ್ಲ ದಿನಾನ ಹೇಳಬಾರದೇನ್ರಿ?" ಎಂದ. "ನೀವು ಸಾಹೇಬ್ರ ಅಂತ ಅಲ್ರಿ ನಾ ಕೇಳಿದ್ದು, ನಮ್ಮ ಮಾತ ಆಡ್ತೀರಿ ಅಂತ." ಇದಕ್ಕಿಂತ ಅವನು ಎರಡು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನನ್ನ ಕೈಗೆ ಒಂದು ಉಳಿ ಕೊಟ್ಟು, "ಹಚ್ರಿ ಕೆಲಸಾ" ಎಂದ. ಮರುದಿನ, ಭಾನುವಾರ, ಸಂಜೆಯವರೆಗೆ ನಾನು ತುಂಬಿಸಿದ್ದನ್ನು ನಾನೇ ಕೆರೆದೆ.

ಚಿತ್ರ ತಿದ್ದುವ ದಿನ ವಾರಿಜಾಳನ್ನೂ ಕರೆದುಕೊಂಡು ಹೋದೆ. "ಈಗೇನ್ರಿ, ಅಪ್ಪಾರನ್ನ ಈ ಕಡೆ ಸರಿಸಿ ಇಬ್ರನ್ನೂ ಕೂಡಸಿ ಬರದುಬಿಡ್ಲೇನ್ರಿ?" ಎಂದು ಶರಣಪ್ಪ ಕೇಳಿದ. ವಾರಿಜಾ ಚಿತ್ರದ ಅಪ್ಪನ ಹತ್ತಿರ ಹೋಗಿ ನೋಡಿದಳು.

"ಮಾವನ ಒಂದು ಕೈಯಲ್ಲಿ ಟಿಫಿನ್ ಚೀಲ, ಇನ್ನೊಂದರಲ್ಲಿ ಕೊಡೆ. ನಾನು ಮದುವೆಯಾಗಿ ಬಂದ ಮೇಲೂ ಹಾಗೇ ಅಲ್ವಾ ಹೊರಡ್ತಾ ಇದ್ದದ್ದು? ನಿಮ್ಮ ಕೈ ಹಿಡಿಯಲಿಕ್ಕೆ ಅವರಿಗೆ ಮೂರನೇ ಕೈ ಎಲ್ಲಿಂದ ಬಂತು ಮಾರಾಯ್ರೆ?"

ಎಲ್ಲಿಂದಲೂ ಬರಲಿಲ್ಲ. ಅದು ನಾನು ಹಚ್ಚಿದ ಬಣ್ಣ. ಅಪ್ಪ ಒಂದು ಹೆಜ್ಜೆ ಮುಂದೆ ನಿಲ್ಲುತ್ತಿದ್ದರು, ನಾನು ಅವರ ಅಂಗಿಯ ಬೆನ್ನ ಮೇಲಿನ ಇಸ್ತ್ರಿಯ ಗೆರೆ ನೋಡುತ್ತ ಹಿಂದೆ ನಿಲ್ಲುತ್ತಿದ್ದೆ. ಅಷ್ಟೆ. ಆಗಾಗ ತಿರುಗಿ, ನಾನು ಗೇಟಿನಡಿ ಬಗ್ಗಿ ಓಡಿಲ್ಲವಲ್ಲ ಎಂದು ನೋಡುತ್ತಿದ್ದರು.

ಶರಣಪ್ಪನಿಗೆ ಇದ್ದಲ್ಲೇ ಬಿಡು ಎಂದೆ. ಅವನು ಇಬ್ಬರ ಕೈಗಳನ್ನೂ ಮತ್ತೆ ಬರೆದ, ಚಾಚಿದ ಹಾಗೆ, ನಡುವೆ ಸಂದು. ಮೇ ತಿಂಗಳ ಮಧ್ಯಾಹ್ನ, ಗೋಡೆ ಕಾದು ಕೆಂಡವಾದಾಗ, ಅದರ ಅಗಲ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಭಾನುವಾರ ಎರಡು ಗಂಟೆಗೆ ಹೋಗಿ ನೋಡಿ ಬರುತ್ತೇನೆ. ಅಪ್ಪ ಸ್ವಲ್ಪ ಹತ್ತಿರ ಬಂದಿರುತ್ತಾರೆ. ಡೊಂಬಿವಲಿಯಲ್ಲಿ ಚಳಿ ಎಂಬುದು ಬಂದರೆ ಹತ್ತು ಹನ್ನೆರಡು ದಿನ. ಸಂದು ಮತ್ತೆ ಅಗಲವಾಗುವ ಆ ಹತ್ತು ಹನ್ನೆರಡು ದಿನ ಹೇಗೆ ಕಳೆಯುವುದೆಂದು ಈಗಿನಿಂದಲೇ ಚಿಂತೆ ಶುರುವಾಗಿದೆ.