ಕೆತ್ತನೆಯ ಬಳ್ಳಿಗೆ ಸಿಕ್ಕ ಬೆರಳು

ಕನ್ನಡಕದ ಅಂಗಡಿಯ ಯಜಮಾನರಿಗೆ ಇದ್ದ ಕೊರಗು ಒಂದೇ: ಊರವರ ಕಣ್ಣನ್ನೆಲ್ಲ ಪರೀಕ್ಷಿಸುವ ತಮ್ಮ ಮನೆಯಲ್ಲೇ ಕಲೆಯನ್ನು ನೋಡುವ ಕಣ್ಣು ಇನ್ನೊಬ್ಬರಿಗಿಲ್ಲ. ಇನ್ನೊಬ್ಬರೆಂದರೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಅವರ ಹೆಂಡತಿ. ಯಜಮಾನರು ಹಳೆಯ ಕಾಲದ, ನವುರು ಕೆತ್ತನೆಯ ರಿವಾಲ್ವರುಗಳನ್ನು ಸಂಗ್ರಹಿಸುತ್ತಿದ್ದರು. ಗಾಜಿನ ಬೀರುವಿನಲ್ಲಿ ಆರು ಮಲಗಿದ್ದವು. (ಅಲ್ಲಿದ್ದ ಪಿಂಗಾಣಿ ಕಪ್ಪುಗಳು ಈಗ ವಾಷಿಂಗ್ ಮೆಷಿನ್ನಿನ ಮೇಲೆ ವನವಾಸದಲ್ಲಿವೆ.)

ಆ ಭಾನುವಾರ ಬೆಳಿಗ್ಗೆ ಏಳನೆಯದು ಬಂದಿತ್ತು. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರೆ ಯಜಮಾನರು ಎದುರು ನಿಂತು ಉಪನ್ಯಾಸ ಆರಂಭಿಸಿದರು. ನೂರೈವತ್ತು ವರ್ಷದ ಹಿಂದಿನ ಮಹಾಶಿಲ್ಪಿಯ ಕೈಚಳಕ, ಹಿಡಿಯಿಂದ ಹೊರಟ ಬಳ್ಳಿ ಟ್ರಿಗರಿನ ಸುತ್ತಲ ಬಳೆಯ ಒಳಮೈಗೂ ಇಳಿದಿದೆ ಎಂದೆಲ್ಲ ಬಣ್ಣಿಸಿ, ಗುಂಡು ತುಂಬುವ ಗಾಲಿ ತುಕ್ಕಿನಿಂದ ತೆರೆಯುವುದೇ ಇಲ್ಲವಾದ್ದರಿಂದ ಆ ಕಾಲದ ಗುಂಡು ಇನ್ನೂ ಒಳಗಿರಬಹುದು ಎಂದು ಹೆಮ್ಮೆಯಿಂದ ಸೇರಿಸಿದರು. ಹೆಂಡತಿ ತಲೆ ಎತ್ತಲಿಲ್ಲ. ಕೊನೆಗೆ, ಒಳಮೈಯ ಎಲೆಗಳನ್ನು ಬೆರಳಿನಿಂದಲೇ ಎಣಿಸಿ ತೋರಿಸುತ್ತೇನೆಂದು ತೋರುಬೆರಳನ್ನು ಆ ಬಳೆಯೊಳಗೆ ತೂರಿಸಿದರು.

ಬೆರಳು ಹೋಯಿತು. ಬರಲಿಲ್ಲ.

ಎಳೆದರು, ತಿರುಚಿದರು. ಗೆಣ್ಣು ಊದಿಕೊಂಡಿತು. ಮೂರನೆಯ ಸಲ ಎಳೆದಾಗ ಒಳಗೆಲ್ಲೋ ಕಟಕ್ ಎಂದಿತು. ರಿವಾಲ್ವರಿನ ಹಿಂದಿನ, ಗುಂಡು ಸಿಡಿಸುವ ಕೊಕ್ಕೆ ಮೇಲೆದ್ದು ನಿಂತಿತು. ಈಗ ಹೆಂಡತಿ ತಲೆ ಎತ್ತಿದರು. ಕೆಂಪು ಪೆನ್ನಿನ ಮುಚ್ಚಳ ಹಾಕಿ, ಎದ್ದು, ಗಂಡನ ಬೆನ್ನ ಹಿಂದೆ ಬಂದು ನಿಂತರು.

"ಗೋಡೆ ಕಡೆ ತಿರುಗಿಸಿ," ಎಂದರು ಮೆಲ್ಲಗೆ.

ಒಂದು ಗೋಡೆಯ ಆಚೆ ಪಕ್ಕದ ಮನೆಯವರ ಮಂಚವಿತ್ತು. ಇನ್ನೊಂದರ ಆಚೆ ಗ್ಯಾಸ್ ಸಿಲಿಂಡರ್. ಚಾವಣಿಯ ಮೇಲೆ ಬಾಡಿಗೆಯವರ ಎಳೆಮಗು.

"ಹಾಗಾದ್ರೆ ನೆಲಕ್ಕೆ ಹಿಡೀರಿ."

"ನೆಲದ ಮೇಲೆ ನನ್ನ ಕಾಲಿದೆ ಕಣೇ."

"ಎರಡಿದೆಯಲ್ಲ, ಹಿಡೀರಿ."

ಸೋಪಿನ ನೀರು ಸುರಿದರು, ಎಣ್ಣೆ ಸವರಿದರು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಯಜಮಾನರಿಗೆ ಸೀನು ಬರುವಂತಾಯಿತು. ಹೆಂಡತಿ ಅವರ ಮೂಗನ್ನೇ ಗಟ್ಟಿಯಾಗಿ ಹಿಡಿದು ನಿಂತರು. ಸೀನು ಹಿಂದಕ್ಕೆ ಹೋದ ಮೇಲೆ, ಸಿಕ್ಕಿಕೊಂಡ ಉಂಗುರ ಕತ್ತರಿಸಿಕೊಡುವ ಅಕ್ಕಸಾಲಿಯೊಬ್ಬರು ಹಿಂದಿನ ಗಲ್ಲಿಯಲ್ಲಿರುವುದು ಹೆಂಡತಿಗೆ ನೆನಪಾಯಿತು.

ಕೈಗೆ ದಿಂಬಿನ ಚೀಲ ಸುತ್ತಿಕೊಂಡು ಹೊರಟರು. ಯಜಮಾನರು ಹೆಜ್ಜೆ ಲೆಕ್ಕ ಹಾಕಿದಂತೆ ನಡೆದರು. ಎದುರು ಬಂದ ಬ್ಯಾಂಕಿನ ಮ್ಯಾನೇಜರರು ಕೈಗೆ ಏನಾಯಿತೆಂದು ಚೀಲವನ್ನು ಮುಟ್ಟಲು ಬಂದರು. ಹೆಂಡತಿ ನಡುವೆ ನುಗ್ಗಿ, ಅಂಟುರೋಗ ಎಂದರು. ಗಲ್ಲಿಯ ಅರ್ಧ ರಸ್ತೆ ತಾನಾಗಿ ತೆರವಾಯಿತು.

ಅಕ್ಕಸಾಲಿ ಒಬ್ಬರೇ ಕೂತು ಏನನ್ನೋ ಕೊರೆಯುತ್ತಿದ್ದರು. ಯಜಮಾನರು ಚೀಲ ಸರಿಸಿದ ಕೂಡಲೇ ಆ ಮುದುಕರು ಉಳಿ ಸಮೇತ ಎರಡೂ ಕೈ ಎತ್ತಿದರು. ಇದು ದರೋಡೆಯಲ್ಲ, ಬರೀ ದಡ್ಡತನ ಎಂದು ಹೆಂಡತಿ ವಿವರಿಸಿದ ಮೇಲೆ ಕೈ ಇಳಿಸಿ, ಗರಗಸ ತೆಗೆದುಕೊಂಡರು.

ಗರಗಸ ಕಂಡು ಯಜಮಾನರು ಕೈ ಹಿಂದಕ್ಕೆಳೆದುಕೊಂಡರು. ನೂರೈವತ್ತು ವರ್ಷದ ಬಳ್ಳಿ, ಅದಕ್ಕೆ ಗರಗಸ. "ಬಳೆಗೆ ಬೇಡ," ಎಂದರು. "ಬೆರಳಿಗೇ ಏನಾದ್ರೂ ಮಾಡೋಕಾಗುತ್ತಾ ನೋಡಿ."

"ಅವರ ಬೆರಳು, ಅವರಿಷ್ಟ," ಎಂದರು ಹೆಂಡತಿ. ಆದರೂ ಗಂಡನ ಇನ್ನೊಂದು ಕೈಯನ್ನು ಬಿಟ್ಟಿರಲಿಲ್ಲ.

ಅಕ್ಕಸಾಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು. ಆಮೇಲೆ ಗರಗಸ ಕೆಳಗಿಟ್ಟು, ಸಣ್ಣ ತಿರುಪುಳಿಯಿಂದ ಬಳ್ಳಿಯ ಒಂದು ಮೊಗ್ಗನ್ನು ತಿರುಗಿಸಿದರು. ಬಳೆ ಕಳಚಿ ಮೇಜಿನ ಮೇಲೆ ಬಿತ್ತು. ಬೆರಳು ಹೊರಬಂತು.

"ಒಳಗೆ ಗುಂಡು?" ಎಂದು ಹೆಂಡತಿ ಕೇಳಿದರು.

"ಎಲ್ಲಿಂದ ಬರುತ್ತಮ್ಮಾ? ಈ ಗಾಲಿ ಇಡೀ ಕಬ್ಬಿಣದ ಗಟ್ಟಿ, ಒಳಗೆ ತೂತೇ ಇಲ್ಲ."

"ನಿಮಗೆ ಹೇಗೆ ಗೊತ್ತು?" ಎಂದರು ಯಜಮಾನರು, ಅವರ ಅಜ್ಞಾನಕ್ಕೆ ಮರುಗುವ ದನಿಯಲ್ಲಿ.

"ಮಾಡಿದ್ದೇ ನಾನು ಸ್ವಾಮಿ. ಹೋದ ವರ್ಷ."

ಯಜಮಾನರು ಸ್ಟೂಲಿನ ಮೇಲೆ ಕೂತರು. ಹೆಂಡತಿ ಬಿದ್ದ ಬಳೆಯನ್ನೆತ್ತಿ ಬೆಳಕಿಗೆ ಹಿಡಿದರು. ಎಲೆಗಳನ್ನು ಮೊದಲ ಸಲ ನೋಡಿದರು. ತುಂಬ ಚೆಂದದ ಕೆಲಸ ಎಂದು ಮನಸಾರೆ ಹೊಗಳಿದರು. ಮುದುಕರ ಮುಖ ಅರಳಿತು. ಹಳೇ ಸಾಮಾನಿನ ಅಂಗಡಿಯವರು ಮಾಡಿಸಿಕೊಂಡು ಹೋಗುತ್ತಾರೆ, ಷೋಕೇಸಿನಲ್ಲಿಡಲು ಎಂದುಕೊಂಡು ತಾವು ಕೆತ್ತಿಕೊಡುವುದು ಎಂದರು.

"ಯಾರೋ ಒಬ್ಬರು ಭಾರಿ ಪಂಡಿತರಿದ್ದಾರಂತೆ, ಎಲ್ಲಾನೂ ಅವರೇ ತಗೊಳ್ಳೋದಂತೆ. ನನ್ನ ಕೆಲಸಾನ ಅಷ್ಟು ಪ್ರೀತಿಯಿಂದ ನೋಡೋರು ಬೇರೆ ಯಾರೂ ಇಲ್ಲ. ಒಂದ್ಸಲ ಅವರ ಮುಖ ನೋಡಬೇಕು ಅಂತ ಆಸೆ. ನಿಮಗೇನಾದ್ರೂ ಗೊತ್ತಾ ಸ್ವಾಮಿ?"

ಯಜಮಾನರು ಇಲ್ಲವೆಂದು ತಲೆಯಾಡಿಸಿದರು.

"ನಂಗೆ ಚೆನ್ನಾಗಿ ಗೊತ್ತು," ಎಂದರು ಹೆಂಡತಿ. "ಹದಿನೆಂಟು ವರ್ಷದಿಂದ ಅವರ ಬಟ್ಟೆ ಒಗೀತಿರೋಳು ನಾನೇ."