ಕತ್ತಲಾದ ಪರದೆ, ನಿಲ್ಲದ ತಂಬೂರಿ

"ಅಂಬುಜಾ, ಬಾ ಇಲ್ಲಿ! ಒಲೆ ಆರಿಸಿ ಬೇಗ ಬಾ!"

ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೇ ಸರಿಯಾಗಿ ನಮ್ಮವರಿಗೆ ಜ್ಞಾನೋದಯವಾಗುವುದು ಯಾಕೋ ನನಗೆ ಇಂದಿಗೂ ತಿಳಿದಿಲ್ಲ. ಸೌಟು ಹಿಡಿದುಕೊಂಡೇ ಹಜಾರಕ್ಕೆ ಬಂದೆ. ತುಮಕೂರಿನ ನಮ್ಮ ಬೀದಿಗೆಲ್ಲ 'ಮೆಷಿನ್ ಕೇಶವಯ್ಯ' ಎಂದೇ ಪರಿಚಿತರಾದ ನನ್ನ ಪತಿದೇವರು ನನ್ನ ಮೊಬೈಲನ್ನು ಅಂಗೈ ಮೇಲಿಟ್ಟುಕೊಂಡು ನಿಂತಿದ್ದರು. ಅದರ ಬೆನ್ನಿಗೆ ಕುಂಕುಮದ ಭರಣಿಯಷ್ಟು ದಪ್ಪದ ಏನೋ ಒಂದು ಅಂಟಿಕೊಂಡಿತ್ತು.

"ಏನ್ರೀ ಇದು, ಗೆಡ್ಡೆ?"

"ಗೆಡ್ಡೆ ಅಲ್ಲ ಕಣೇ, ಕಣ್ಮುಚ್ಚಿ ಯಂತ್ರ! ನಿನ್ನ ಕಚೇರಿಗೆ ನನ್ನ ಕಾಣಿಕೆ!"

ನಾನು ಸಂಗೀತದವಳು. ಇಪ್ಪತ್ತು ವರ್ಷದಿಂದ ಸೀಮಂತ, ಗೃಹಪ್ರವೇಶಗಳಲ್ಲಿ ಹಾಡುತ್ತಾ ಬಂದಿದ್ದೇನೆ. ನಾನು ಪಲ್ಲವಿ ಎತ್ತಿಕೊಂಡರೆ ಸಾಕು, ಜನ ಊಟಕ್ಕೆ ಎಲೆ ಹಾಕಿದರೇ ಎಂದು ವಿಚಾರಿಸಲು ಎದ್ದುಹೋಗುತ್ತಾರೆ. ಈಗ ಮೊದಲ ಸಲ ನಮ್ಮ ಬಡಾವಣೆಯ ರಾಮೋತ್ಸವದಲ್ಲಿ ಪೂರ್ತಿ ಕಚೇರಿ ಸಿಕ್ಕಿತ್ತು. ಕೊನೆಯವರೆಗೂ ಕೂತು ಕೇಳುವ ಜನ ಬೇಕು, ಅಷ್ಟೇ ನನ್ನ ಆಸೆ.

ತೊಂದರೆ ಇದ್ದದ್ದು ತಂಬೂರಿಯದು. ನನ್ನ ಶ್ರುತಿಪೆಟ್ಟಿಗೆಯನ್ನು ಇವರು ಹೋದ ವರ್ಷವೇ 'ಸುಧಾರಿಸಿ' ಕೊಂದಿದ್ದರು. ಹಾಗಾಗಿ ಮೊಬೈಲಿನ ತಂಬೂರಿಯೇ ಗತಿ. ಪರದೆ ಉರಿಯುತ್ತಿದ್ದರೆ ಬ್ಯಾಟರಿ ಬೇಗ ಖಾಲಿ. ಗುಂಡಿ ಒತ್ತಿ ಪರದೆ ಆರಿಸಿದರೆ ತಂಬೂರಿಯೂ ಬಂದ್! ಮೊನ್ನೆ ಒಂದು ಸೀಮಂತದಲ್ಲಿ ಹಾಡಿನ ನಟ್ಟನಡುವೆ ಮೊಬೈಲು ಪ್ರಾಣ ಬಿಟ್ಟಿತು. ನಾನು ಒಂದು ಶ್ರುತಿ, ಪಿಟೀಲು ಇನ್ನೊಂದು ಶ್ರುತಿ. ಬಸುರಿ ಹುಡುಗಿ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಮನೆಗೆ ಬಂದು ಅತ್ತುಬಿಟ್ಟೆ.

"ಸಂಗೀತ ಕೇಳೋಕೆ ಕಿವಿ ಸಾಕು ತಾನೆ?" ಇವರು ಭಾಷಣ ಶುರು ಮಾಡಿದರು. "ಮತ್ತೆ ಪರದೆ ಯಾಕೆ ದಂಡಕ್ಕೆ ಉರೀಬೇಕು? ತಂಬೂರಿ ಮೀಟಿದ ತಕ್ಷಣ ನನ್ನ ಯಂತ್ರ ಪರದೆಯ ಬೆಳಕನ್ನ ಹೀರಿ ವಾಪಸ್ಸು ಬ್ಯಾಟರಿಗೇ ತುಂಬುತ್ತೆ! ನೋಡ್ತಿರು!"

ಇವರು ತಂಬೂರಿ ಹಚ್ಚಿದರು. ಪರದೆ ಕಪ್ಪಾಯಿತು. ತಂಬೂರಿ ಮಾತ್ರ ಹಾಯಾಗಿ ನುಡಿಯುತ್ತಲೇ ಇತ್ತು! ಯಂತ್ರದ ಪುಟ್ಟ ಕಿಂಡಿಯಲ್ಲಿ ಬ್ಯಾಟರಿಯ ಅಂಕಿ ತೊಂಬತ್ತಾರಿದ್ದದ್ದು ತೊಂಬತ್ತೇಳಾಯಿತು. ಮದುವೆಯಾದ ಮೇಲೆ ಮೊದಲ ಬಾರಿಗೆ ಇವರ ಯಂತ್ರವೊಂದು ಹೇಳಿದ ಕೆಲಸ ಮಾಡಿತ್ತು. ನನಗೆ ನಿಜವಾಗಿಯೂ ಸಂತೋಷವಾಯಿತು.

ಅಷ್ಟರಲ್ಲಿ ಒಳಕೋಣೆಯಿಂದ ನಮ್ಮತ್ತೆಯ ಕೂಗು.

"ಲೋ ಕೇಶವಾ! ಟೀವಿ ಕಪ್ಪಾಗೋಯ್ತಲ್ಲೋ! ಆ ಮನೆಹಾಳಿ ಪಾಯಸಕ್ಕೆ ವಿಷ ಹಾಕಿದ್ಲು. ಈಗ ಯಾರೋ ಕೆಮ್ತಿದಾರೆ, ಯಾರು ಅಂತ ಕಾಣ್ತಿಲ್ಲ!"

"ಕೆಮ್ಮು ಕೇಳಿಸ್ತಿದೆಯಲ್ಲಮ್ಮ, ಅಷ್ಟು ಸಾಲದೇ?" ಎಂದರು ಇವರು, ಕಿಂಡಿಯಿಂದ ಕಣ್ಣು ಕೀಳದೆ. "ಅಂಬುಜಾ, ನೂರಾ ನಾಲ್ಕು!"

"ನೂರಕ್ಕಿಂತ ಮೇಲೆ ಬ್ಯಾಟರಿ ಹೇಗ್ರೀ ತುಂಬುತ್ತೆ?"

"ಸೇರು ತುಂಬಿದ ಮೇಲೂ ಅಕ್ಕಿ ಗೋಪುರದ ಹಾಗೆ ನಿಲ್ಲಲ್ವೇನೇ? ಹಾಗೆ!"

ಯಂತ್ರದ ಪಕ್ಕದಲ್ಲಿದ್ದ ಗುಂಡಿ ಒತ್ತಿದಾಗ ತಂಬೂರಿ ನಿಂತು ಟೀವಿ ಬಂತು. ಅಷ್ಟು ಹೊತ್ತಿಗೆ ಪಾಯಸ ಮುಗಿದು ಸಾಬೂನಿನ ಜಾಹೀರಾತು ಬರುತ್ತಿತ್ತು. ಅತ್ತೆ ಆ ದಿನವಿಡೀ ಮಗನ ಜೊತೆ ಮಾತು ಬಿಟ್ಟರು. ಯಂತ್ರದ ಕೈ ಸ್ವಲ್ಪ ಉದ್ದವಾಯಿತು, ಒಂದು ತಿರುಪು ಕೂರಿಸಿ ಕಮ್ಮಿ ಮಾಡುತ್ತೇನೆ ಎಂದರು ಇವರು. ಇವರು ಕಮ್ಮಿ ಮಾಡಲು ಹೋದ ಯಾವುದೂ ಕಮ್ಮಿಯಾದದ್ದನ್ನು ನಾನಂತೂ ಕಂಡಿಲ್ಲ.

ಕಚೇರಿಯ ಸಂಜೆ ವೇದಿಕೆ ಹತ್ತುವಾಗ ಉತ್ಸವದ ಕಾರ್ಯದರ್ಶಿ ತಿರುಮಲಾಚಾರ್ರು ಕೈ ಮುಗಿದರು.

"ತಾಯೀ, ಸ್ವಲ್ಪ ಚುಟುಕಾಗಿ ಮುಗಿಸ್ಬಿಡಿ. ಅತಿಥಿಗಳ ಭಾಷಣ ಇದೆ. ಕೋಸಂಬರಿ ಬೇರೆ ಹಳಸುತ್ತೆ."

ಪೆಂಡಾಲು ತುಂಬಿತ್ತು, ಆದರೆ ತಲೆ ಎತ್ತಿದವರು ಒಬ್ಬರೂ ಇಲ್ಲ! ಎಲ್ಲರ ಮುಖಕ್ಕೂ ಮೊಬೈಲಿನ ನೀಲಿ ಬೆಳಕು. ಮೊದಲ ಸಾಲಿನಲ್ಲಿ ಕ್ರಿಕೆಟ್, ಎರಡನೆಯದರಲ್ಲಿ ಸೀರೆ, ಅದರ ಹಿಂದೆ ಯಾರದೋ ಮಗುವಿನ ನಾಮಕರಣ. ಇನ್ನೇನು, ಇಲ್ಲಿಯೂ ಅದೇ ಹಣೆಬರಹ ಅಂದುಕೊಂಡು ತಂಬೂರಿ ಹಚ್ಚಿದೆ.

ಪೆಂಡಾಲಿಗೆ ಪೆಂಡಾಲೇ ಕಪ್ಪಾಯಿತು!

"ಅಯ್ಯೋ, ಕೊನೇ ಓವರ್ರು!"

"ನನ್ನ ಫೋನ್ ಸತ್ತೋಯ್ತು ಕಣ್ರೀ!"

"ನಂದೂ!"

ವೇದಿಕೆಯ ಪಕ್ಕದಲ್ಲಿ ಬಳೆ ತಿರುಗಿಸಿ ತೋರಿಸುತ್ತಿದ್ದ ಒಡವೆ ಅಂಗಡಿಯ ದೊಡ್ಡ ಪರದೆಯೂ ಕಣ್ಣು ಮುಚ್ಚಿತು. ಜನ ಮೊಬೈಲನ್ನು ತಟ್ಟಿದರು, ಒದರಿದರು, ಪಂಚೆಗೆ ಉಜ್ಜಿದರು. ನಾನು ವರ್ಣ ಶುರು ಮಾಡಿದೆ. ಬೇರೆ ದಾರಿ ಕಾಣದೆ ಒಬ್ಬೊಬ್ಬರೇ ತಲೆ ಎತ್ತಿದರು. ಎತ್ತಿದ ಮೇಲೆ ಎದುರಿಗೆ ಇದ್ದವಳು ನಾನೊಬ್ಬಳೇ!

ಕಲ್ಯಾಣಿ ಎತ್ತಿಕೊಳ್ಳುವ ಹೊತ್ತಿಗೆ ಕೆಮ್ಮು ಕೂಡ ನಿಂತಿತ್ತು. ಕ್ರಿಕೆಟ್ಟಿನ ಯಜಮಾನರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಸೀರೆಯಾಕೆ ಕಣ್ಣೊರೆಸಿಕೊಂಡರು. ನಾನು ಇಪ್ಪತ್ತು ವರ್ಷ ಒಳಗೆ ಇಟ್ಟುಕೊಂಡಿದ್ದನ್ನೆಲ್ಲ ಹಾಡಿದೆ.

ಇವರು ಮಾತ್ರ ವೇದಿಕೆಯ ಅಂಚಿನಲ್ಲಿ ಮೊಣಕಾಲೂರಿ ಕಿಂಡಿಯನ್ನೇ ನೋಡುತ್ತಿದ್ದರು. ಅಷ್ಟು ದೊಡ್ಡ ಪೆಂಡಾಲಿನಲ್ಲಿ ಆರದೆ ಉಳಿದ ಪರದೆ ಅದೊಂದೇ!

"ಅಂಬುಜಾ! ಸಾವಿರ ದಾಟ್ತು!" ಎಂದು ಆಲಾಪನೆಯ ಮಧ್ಯೆ ಕಿರುಚಿದರು.

ಜನ ಅದನ್ನೂ ಮೆಚ್ಚುಗೆಯೆಂದು ತಿಳಿದು ಭಲೇ ಎಂದರು.

ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ತಂಬೂರಿಯೂ ನಿಲ್ಲಲಿಲ್ಲ! ಮುಖ್ಯ ಅತಿಥಿಗಳು ಎದ್ದು ನಿಂತು, ಭಾಷಣ ಬರೆದಿಟ್ಟುಕೊಂಡಿದ್ದ ಮೊಬೈಲನ್ನು ಮುಖದ ಮುಂದೆ ಹಿಡಿದರು. ಅದು ಕಪ್ಪು. ತಿರುಗಿಸಿದರು. ಆ ಕಡೆಯೂ ಕಪ್ಪು.

"ಎಲ್ಲರಿಗೂ ನಮಸ್ಕಾರ," ಎಂದು ಹೇಳಿ ಕೂತುಬಿಟ್ಟರು. ನನಗಿಂತ ಜಾಸ್ತಿ ಚಪ್ಪಾಳೆ ಅವರಿಗೆ ಬಿತ್ತು.

"ರೀ, ತಂಬೂರಿ ನಿಲ್ಲಿಸಿ ಸಾಕು!"

"ಹೇಗೆ ನಿಲ್ಲಿಸ್ಲೇ? ನಿಲ್ಲಿಸೋಕೆ ಪರದೆ ಬೇಕು. ಪರದೆ ಬರೋಕೆ ತಂಬೂರಿ ನಿಲ್ಬೇಕು!"

"ಪಕ್ಕದ ಗುಂಡಿ ಒತ್ತಿ ಮತ್ತೆ!"

"ತಿರುಪು ಕೂರಿಸೋಕೆ ಜಾಗ ಬೇಕಿತ್ತು. ಗುಂಡಿ ಕಿತ್ತಾಕ್ದೆ."

"ಹಾಗಾದ್ರೆ ಯಂತ್ರಾನೇ ಕೀಳಿ!"

"ನಾನೇ ಕಂಡುಹಿಡಿದ ಗೋಂದು ಕಣೇ, ಅಷ್ಟು ಸುಲಭಕ್ಕೆ ಬರಲ್ಲ," ಎಂದು ಇವರು ಎದೆಯುಬ್ಬಿಸಿದರು. ಅದೊಂದು ಆವಿಷ್ಕಾರ ಸರಿಯಾಗಿ ಕೆಲಸ ಮಾಡಬೇಕೇ!

ಹೀಗಾಗಿ ನನ್ನ ಮೊಬೈಲು ಈಗ ನಮ್ಮ ಅಡುಗೆಮನೆಯ ಅಕ್ಕಿ ಡ್ರಮ್ಮಿನೊಳಗೆ, ಎರಡು ಕಂಬಳಿಗಳ ಕೆಳಗಿದೆ. ಆದರೂ ಬೀದಿಗೆಲ್ಲ ಕೇಳಿಸುತ್ತದೆ. ಯಾರ ಮನೆಯ ಪರದೆಯೂ ಹತ್ತುತ್ತಿಲ್ಲ, ಬೀದಿಗೆ ಬೀದಿಯೇ ನನ್ನ ಐದೂವರೆ ಶ್ರುತಿಗೆ ಕೂತುಬಿಟ್ಟಿದೆ. ಸೊಪ್ಪಿನವಳು ಅದೇ ಶ್ರುತಿಯಲ್ಲಿ ದಂಟು, ಮೆಂತ್ಯ ಎಂದು ಕೂಗುತ್ತಾಳೆ. ಎದುರು ಮನೆಯ ಕುಕ್ಕರು ಷಡ್ಜ ಬಿಟ್ಟು ಅಲ್ಲಾಡುವುದಿಲ್ಲ. ನಲ್ಲಿಯ ಹತ್ತಿರ ಜಗಳವಾದರೆ ಒಬ್ಬಾಕೆ ಪಂಚಮಕ್ಕೆ ಏರುತ್ತಾಳೆ, ಇನ್ನೊಬ್ಬಾಕೆ ಮೇಲಿನ ಷಡ್ಜದಲ್ಲಿ ಉತ್ತರ ಕೊಡುತ್ತಾಳೆ. ಒಂದಾದರೂ ಅಪಸ್ವರವಿಲ್ಲ! ಸಂಜೆಯಾದರೆ ಮಾಡಲು ಬೇರೆ ಕೆಲಸವಿಲ್ಲದ ಜನವೆಲ್ಲ ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಾರೆ, ಎಲ್ಲರಿಗಿಂತ ಮುಂದೆ ನಮ್ಮತ್ತೆ. ನಾನು ಹಾಡುತ್ತೇನೆ, ಅವರು ಕೊನೆಯವರೆಗೂ ಕೇಳುತ್ತಾರೆ.

ನಿನ್ನೆ ಎಲ್ಲರೂ ಎದ್ದುಹೋದ ಮೇಲೆ ಒಳಗೆ ಬಂದೆ. ಇವರು ಡ್ರಮ್ಮಿನೊಳಗೆ ತಲೆ ಹಾಕಿ ಕಿಂಡಿ ನೋಡುತ್ತಾ ನಿಂತಿದ್ದರು.

"ಊರಿನವರೆಲ್ಲ ಹೇಳಿದ್ರು, ನೀವೊಬ್ರು ಬಾಯಿ ಬಿಟ್ಟಿಲ್ಲ. ನಿಜ ಹೇಳಿ, ಹೇಗಿತ್ರೀ ನನ್ನ ಹಾಡು?"

"ಎಂಬತ್ತು ಸಾವಿರ ಕಣೇ!" ಎಂದರು ಡ್ರಮ್ಮಿನೊಳಗಿಂದಲೇ.

ಮದುವೆಯಾದಾಗಿನಿಂದ ಇವರು ನನ್ನ ಹಾಡಿಗೆ ಕೊಟ್ಟಿರುವ ಅಂಕ ಇದೊಂದೇ. ಕಮ್ಮಿಯೇನಲ್ಲವಲ್ಲ, ಇಟ್ಟುಕೊಂಡಿದ್ದೇನೆ.