ನಾಲ್ಕು ನಾಯಿ, ಒಂದು ತೂತು

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗಿ ಬಹಳ ದಿನವಾಯಿತು. ಬನಹಟ್ಟಿಯ ಮನೆಯಿಂದ ಹೊರಟು ಓಣಿಯ ತುದಿ ಮುಟ್ಟುವಷ್ಟರಲ್ಲಿ, ಕೀಲಿ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಕೀಲಿ ಇರುತ್ತದೆ; ಹಾಕಿದವನು ನಾನೇ ಎಂಬುದಕ್ಕೆ ಪುರಾವೆ ಇರುವುದಿಲ್ಲ. ಎಲ್ಲವನ್ನೂ ಸಂಶಯದಿಂದ ನೋಡಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. "ಸಂಶಯ ಪಡಾಕ ಎಂ.ಎ. ಯಾಕ ಬೇಕಿತ್ರಿ, ನಿಮ್ಮವ್ವ ಸಾಲಿಗೇ ಹೋಗಿಲ್ಲ" ಅನ್ನುತ್ತಾಳೆ ಹೆಂಡತಿ.

ಇಲ್ಲಿಯ ತರಬೇತಿ ಕ್ಲಾಸಿನಲ್ಲಿ ಇಂಗ್ಲಿಷ್ ವ್ಯಾಕರಣದ ಪರೀಕ್ಷೆ ನನ್ನದು. ಉತ್ತರಗಳನ್ನು ಬೇಗ ತಿದ್ದಲು ಊರಿಗೆ ತಕ್ಕ ಉಪಾಯವೊಂದನ್ನು ಕಂಡುಕೊಂಡಿದ್ದೆ. ಸೀರೆಯ ದಡಿಯಲ್ಲಿ ನಮೂನೆ ಮೂಡಿಸಲು ಮಗ್ಗದ ಮೇಲೆ ತೂತಿನ ರಟ್ಟು ಹಾಕುತ್ತಾರಲ್ಲ, ಅಂಥ ಖಾಲಿ ರಟ್ಟೊಂದನ್ನು ನೇಕಾರರ ಮನೆಯಿಂದ ತಂದು, ಪ್ರತಿ ಪ್ರಶ್ನೆಗೆ ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದುದರ ಜಾಗದಲ್ಲಿ ಮೊಳೆಯಿಂದ ತೂತು ಹೊಡೆದು, ಉತ್ತರಪತ್ರಿಕೆಯ ಮೇಲಿಡುವುದು. ತೂತಿನಲ್ಲಿ ಗುರುತು ಕಂಡರೆ ಒಂದು ಅಂಕ. ಈ ಸಲದ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಬಾಗಲಕೋಟೆಯಲ್ಲಿ ಊಟ-ವಸತಿ ಸಹಿತ ತರಬೇತಿಯ ಒಂದೇ ಒಂದು ಸೀಟಿತ್ತು. ರಬಕವಿಯ ನೇಕಾರರ ಮಗಳು ಶೈಲಾ ಒಂದು ಅಂಕದಿಂದ ಎರಡನೆಯವಳಾದಳು.

ಅವಳು ತಪ್ಪಿದ್ದು ಸರ್ವನಾಮದ ಪ್ರಶ್ನೆಯಲ್ಲಿ. ನಾಲ್ಕು ಮುಧೋಳ ನಾಯಿಗಳು ತಮ್ಮ ಬಾಲ ಅಲ್ಲಾಡಿಸಿದವು ಎಂಬ ವಾಕ್ಯದಲ್ಲಿ 'ತಮ್ಮ' ಎಂಬುದಕ್ಕೆ ಅವಳು 'ದೇರ್' ಎಂದು ಗುರುತು ಹಾಕಿದ್ದಳು; ರಟ್ಟು 'ಇಟ್ಸ್' ಎನ್ನುತ್ತಿತ್ತು.

"ಸರ, ಇಟ್ಸ್ ಅಂದ್ರ ಒಂದ ನಾಯಿ ಆತಲ್ರಿ. ಒಂದ ನಾಯಿಗೆ ಎಷ್ಟ ಬಾಲ ಇರ್ತಾವ್ರಿ?" ಎಂದಳು.

ನನಗೂ ಅನುಮಾನ ಬಂತು. ಆದರೆ ತೂತಿದೆ ಎಂದ ಮೇಲೆ ನಾನೇ ಹೊಡೆದಿರಬೇಕು, ಹೊಡೆದಾಗ ಏನೋ ಕಾರಣವಿದ್ದಿರಬೇಕು, ಅದು ಈಗ ಮರೆತಿರಬೇಕು. ಹಾಗೆಂದುಕೊಂಡು, ಪ್ರಾಣಿಗಳ ವಿಷಯದಲ್ಲಿ ಹಳೆಯ ಇಂಗ್ಲಿಷಿನ ಕಟ್ಟಳೆಯೇ ಬೇರೆ ಎಂದು ಅರ್ಧ ಗಂಟೆ ಕೊರೆದೆ. ಅಂಥ ಕಟ್ಟಳೆ ಎಲ್ಲೂ ಇಲ್ಲ. ಹುಡುಗಿ ತಲೆ ತಗ್ಗಿಸಿ ಅದನ್ನೂ ಬರೆದುಕೊಂಡಳು.

ವಾರದ ನಂತರ ಅವಳ ತಂದೆ ಬಂದರು. ಜಗಳಕ್ಕಲ್ಲ, "ಎಲ್ಲಿ ತಪ್ಪೇತಿ ಹೇಳ್ರಿ ಸರ, ಮುಂದ ತಿದ್ಕೋತಾಳ" ಎನ್ನಲು. ರಟ್ಟು ಅವರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

"ಸರ, ಉಳಿದ ತೂತೆಲ್ಲಾ ನಿಮ್ಮವರಿ, ಮೊಳಿಲೆ ಹೊಡದು ಅಂಚು ಹರದೈತಿ. ಈ ಒಂದು ನೋಡ್ರಿ, ದುಂಡಗ ಐತಿ. ಇದು ಮಷೀನಿನ ತೂತ್ರಿ. ಒಂದ ಹೊಡದು, ರಟ್ಟ ಕೆಟ್ಟತಂತ ಒಗದಾರ."

ತೂತು ಮೊದಲೇ ಇದ್ದುದರಿಂದ ಆ ಪ್ರಶ್ನೆಯ ಸಾಲಿನ ಕೆಲಸ ಮುಗಿಸಿದ್ದೇನೆಂದು ನಾನು ಮುಂದೆ ಹೋಗಿರಬೇಕು. ಬಾಗಲಕೋಟೆಗೆ ಫೋನ್ ಮಾಡಿದೆ. ಸೀಟು ತುಂಬಿತ್ತು, ಕಣ್ಣು ಮುಚ್ಚಿ 'ಇಟ್ಸ್'ಗೆ ಗುರುತು ಹಾಕಿದ್ದ ಹುಡುಗ ಟ್ರಂಕು ಹೊತ್ತು ಹೋಗಿಯಾಗಿತ್ತು. ಅವನನ್ನು ಹಿಂದೆ ಕರೆಸುವ ಧೈರ್ಯ ನನಗಾಗಲಿಲ್ಲ.

ನೆನಪು, ಕೀಲಿ, ಹೆಂಡತಿ ಹಾಕಿದ ಉಪ್ಪು, ಎಲ್ಲವನ್ನೂ ಸಂಶಯಿಸಿದ ನಾನು ಒಂದು ರಟ್ಟನ್ನು ಮಾತ್ರ ನಂಬಿದ್ದೆ. ಶೈಲಾ ಈಗಲೂ ಮುಂದಿನ ಬೆಂಚಿನಲ್ಲೇ ಕೂಡುತ್ತಾಳೆ. ನಾನು ಹಲಗೆಯ ಮೇಲೆ ಉತ್ತರ ಬರೆದಾಗಲೆಲ್ಲ ಪೆನ್ನು ಎತ್ತಿ ಹಿಡಿದು, ಬಹಳ ಮರ್ಯಾದೆಯಿಂದ ಕೇಳುತ್ತಾಳೆ: "ಸರ, ಇದು ನಿಮ್ಮ ತೂತೇನ್ರಿ, ಮಷೀನಿಂದೇನ್ರಿ?"

ನನಗೆ ನೆನಪಿರುವುದಿಲ್ಲ. ಅಳಿಸಿ ಮತ್ತೆ ಬರೆಯುತ್ತೇನೆ.